ಬಾಟ್ ಮುಚ್ಚಿದ ತಿದ್ದುಪಡಿ

ಹೋಬಾರ್ಟ್
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಬ್ರೋನ್,

ಹೇಗಿದ್ದೀಯಮ್ಮ? ಲಾನ್ಸೆಸ್ಟನ್ನಿನ ಚಳಿಯಲ್ಲಿ ದ್ರಾಕ್ಷಿ ಬಳ್ಳಿ ಸವರಿ ಸವರಿ ಕೈ ಒಡೆದಿದೆಯಂತೆ, ನಿನ್ನಮ್ಮ ಹೇಳಿದಳು. ಹುಟ್ಟುಹಬ್ಬಕ್ಕೂ ಎರಡು ಸಾಲು ಬರೆಯದ ಅಪ್ಪ ಈಗ ಕಾಗದ ಹಿಡಿದಿದ್ದಾನೆಂದು ನಗಬೇಡ. ನಗುವುದಾದರೆ ನಗು, ನನಗೆ ಅದು ಸಲ್ಲಬೇಕಾದದ್ದೇ.

ಇಲ್ಲಿ ಎಲ್ಲ ಕ್ಷೇಮ. ಬೆಕ್ಕು ಮತ್ತೆ ಪಕ್ಕದ ಮನೆಯ ಮೀನು ಕದ್ದಿತು, ಬೈಸಿಕೊಂಡದ್ದು ನಾನು. ಕಳೆದ ವಾರ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರ ಸಮ್ಮೇಳನ ನಮ್ಮೂರಲ್ಲೇ ನಡೆಯಿತು. ಭಾಷಣಗಳು ಮುಗಿದ ಮೇಲೆ, ನಿನಗೆ ಗೊತ್ತಲ್ಲ, ಮೇಜಿನ ಸುತ್ತ ಕೂತು ಒಬ್ಬರ ಕೋಡನ್ನು ಇನ್ನೊಬ್ಬರು ತಿದ್ದುವ ದಿನ. ಮೊದಲ ತಿದ್ದುಪಡಿ ಒಪ್ಪಿಗೆಯಾದ ಹೊಸಬರು ಎದ್ದುಹೋಗಿ ಗಂಟೆ ಬಾರಿಸಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ನನ್ನ ಮೇಜಿಗೆ ಸೆಮಿಸಿ ಎಂಬ ಟೋಂಗಾದವನು ಬಂದ, ಆಕ್ಲೆಂಡ್ ಬಂದರಿನಲ್ಲಿ ಕೆಲಸ. ಬೇಸಿಗೆಯ ಸಮಯಕ್ಕೆಂದು ಗಡಿಯಾರ ಮುಂದಕ್ಕೆ ತಿರುಗಿಸುವ ದಿನ, ಉಬ್ಬರವಿಳಿತದ ಹೊತ್ತು ಲೆಕ್ಕಹಾಕಲು ನಾನು ಬರೆದ ಕೋಡ್ ಲೈಬ್ರರಿ ಒಂದು ತಾಸು ತಪ್ಪು ಹೇಳುತ್ತದಂತೆ, ಅದನ್ನು ಸರಿಮಾಡಿದ್ದೇನೆ ಎಂದ. ನೋಡಿದೆ, ಸರಿಯಿತ್ತು. ಸೇರಿಸಿಕೊಂಡು, ಹೋಗಿ ಗಂಟೆ ಬಾರಿಸಪ್ಪ ಎಂದೆ.

ಅವನು ಏಳಲಿಲ್ಲ. “ಇದು ನಂದಲ್ಲ ಡರ್ಮಟ್. ಪ್ಯಾಡಿಮೆಲನ್ ಅನ್ನೋ ಹೆಸರಲ್ಲಿ ಯಾರೋ ಬೇಸಿಗೇಲೇ ಕಳಿಸಿದ್ರು, ಅದು ಸೇರದೇನೇ ಮುಚ್ಚಿಹೋಗಿದೆ. ಅದನ್ನ ಓದಿ ಕಲ್ತು ಬರ್ದಿದೀನಿ, ಅಷ್ಟೇ. ಗಂಟೆ ಅವರು ಹೊಡೀಬೇಕು.”

“ಮತ್ತೆ ಅದ್ಯಾಕೆ ಮುಚ್ಚಿಹೋಯ್ತು?” ಎಂದಳು ಎದುರು ಕೂತಿದ್ದ ಮೊರ್ವೆನಾ.

“ಬಾಟ್ ಮುಚ್ಚಿದೆ,” ಎಂದೆ. ಎರಡು ತಿಂಗಳು ಯಾರೂ ಉತ್ತರಿಸದ ತಿದ್ದುಪಡಿಯನ್ನು ತಾನಾಗಿ ಮುಚ್ಚಲೆಂದು ನಾನೇ ಇಟ್ಟ ಬಾಟ್ ಅದು.

“ಚೆನ್ನಾಗಿದೆ! ನಾಯಿ ಕಚ್ಚಿದ್ರೆ ನಾಯೀನ ಕೇಳ್ತಾರೋ, ಸಾಕಿದೋನ್ನ ಕೇಳ್ತಾರೋ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಸೆಮಿಸಿ ಆ ಹಳೆಯ ಪುಟ ತೆರೆದ. “ಇದರಲ್ಲಿ ತಪ್ಪೇನೆಂದು ಹೇಳಿದರೆ ತಿದ್ದಿಕೊಳ್ಳುತ್ತೇನೆ” ಎಂಬ ಸಾಲು. ಅದರ ಕೆಳಗೆ ಯಾರ ಉತ್ತರವೂ ಇಲ್ಲ, ‘ಮುಚ್ಚಲಾಗಿದೆ, ವಂದನೆಗಳು’ ಎಂಬ ಬಾಟ್‌ನ ಸಾಲು ಮಾತ್ರ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

ಮನೆಗೆ ಬಂದು ನಿನ್ನಮ್ಮನಿಗೆ ಹೇಳಿದೆ. ಸೂಪು ತಿರುವುತ್ತಿದ್ದವಳು ಸೌಟು ಕೆಳಗಿಟ್ಟಳು. “ಪ್ಯಾಡಿಮೆಲನ್ ಅಂದ್ರೆ ನಿನ್ನ ಮಗಳು ಕಣೋ. ಅಪ್ಪ ದಾಕ್ಷಿಣ್ಯ ನೋಡ್ಬಾರ್ದು, ಕೆಲಸ ನೋಡಿ ಹೇಳ್ಲಿ ಅಂತ ಬೇರೆ ಹೆಸರಲ್ಲಿ ಕಳಿಸಿದ್ಲು. ಅದಕ್ಕೆ ಉತ್ತರ ಬರದೇ ಹೋದ್ಮೇಲೇನೇ ಅವಳು ಕಂಪ್ಯೂಟರ್ ಓದು ಬಿಟ್ಟಿದ್ದು.”

ಸೆಮಿಸಿಯನ್ನು ಕೇಳಿ, ಅವನದನ್ನು ತೆಗೆದು ನಿನ್ನದನ್ನು ಸೇರಿಸಿದ್ದೇನೆ. ಲೆಕ್ಕ ತಪ್ಪಿದವನು ನಾನೇ ಎಂದು ಎಲ್ಲರಿಗೂ ಕಾಣುವಂತೆ ಬರೆದಿದ್ದೇನೆ. ಬಾಟ್ ಕಿತ್ತುಹಾಕಿದೆ. ಬಿಟ್ಟ ಓದನ್ನು ಮತ್ತೆ ಹಿಡಿ ಎನ್ನಲು ನನಗೆ ಬಾಯಿಲ್ಲ. ಮನೆಗೆ ಬರಬೇಕೆನ್ನಿಸಿದರೆ ಬಾ.

ಕೈಗೆ ಎಣ್ಣೆ ಹಚ್ಚಿಕೋ. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ ಅಪ್ಪ,
ಡರ್ಮಟ್

ತಾ.ಕ.: ನಿನ್ನಮ್ಮ ಹೇಳಿದ ಮೇಲೆ ತಿಳಿಯಿತು ಎಂಬಂತೆ ಬರೆದೆನಲ್ಲ, ಅದು ಸುಳ್ಳು. ನಿನ್ನ ತಿದ್ದುಪಡಿಯಲ್ಲಿ ಲೆಕ್ಕವನ್ನು ಪರೀಕ್ಷಿಸಲು ನೀನು ಕೊಟ್ಟ ಜಾಗದ ಹೆಸರು ಅಜ್ಜಿಬಂಡೆ. ಅದು ಯಾವ ನಕ್ಷೆಯಲ್ಲೂ ಇಲ್ಲ. ಬ್ರೂನಿ ದ್ವೀಪದ ಹತ್ತಿರ ನಾವು ದೋಣಿ ಕಟ್ಟುತ್ತಿದ್ದ ಬಂಡೆಗೆ ನೀನು ಚಿಕ್ಕವಳಿದ್ದಾಗ ಇಟ್ಟ ಹೆಸರು. ನೀನು ಕಳಿಸಿದ ದಿನವೇ ಓದಿದ್ದೆ. ನೀನೆಂದೂ ತಿಳಿಯಿತು, ನಿನ್ನ ಲೆಕ್ಕವೇ ಸರಿಯೆಂದೂ ತಿಳಿಯಿತು. ಮಗಳು ನನ್ನ ತಪ್ಪು ಹಿಡಿದಳೆಂದು ಹತ್ತು ಜನರ ಮುಂದೆ ಒಪ್ಪಲಾರದೆ, ಬಾಟ್ ಮುಚ್ಚಲಿ ಎಂದು ಕಾದೆ.