ಮೇಜಿನ ಮೇಲೆ ಬಿಟ್ಟ ಮೂರು ಬುತ್ತಿ

ಅಕ್ಕಾ,

ನೀನು ಕಟ್ಟಿಟ್ಟ ನಾಲ್ಕು ಬುತ್ತಿಯಲ್ಲಿ ಒಂದನ್ನಷ್ಟೇ ಒಯ್ಯುತ್ತಿದ್ದೇನೆ. ಮರೆತು ಬಿಟ್ಟುಹೋದ ಅಂತ ಬೈದುಕೊಂಡು ಹಿಂದೆ ಓಡಿಬರಬೇಡ.

ಪ್ರತಿ ಭಾನುವಾರ ಸೈಕಲ್ ಸವಾರಿ ಮುಗಿಸಿ ಬಂದಾಗ ನೀನು "ನಿನ್ನ ಸೈಕಲ್ ಗೆಳೆಯರೆಲ್ಲಾ ಬಂದಿದ್ರೇನೋ?" ಅಂತ ಕೇಳುತ್ತೀಯ, ನಾನು "ಹೂಂ, ಬಂದಿದ್ರು" ಅನ್ನುತ್ತೇನೆ. ಅದು ಸುಳ್ಳು. ಡ್ರಾಯಿಂಗ್ ಮೇಷ್ಟ್ರು ಊರು ಬಿಟ್ಟರು. ಬೇಕರಿಯವನಿಗೆ ಮಂಡಿ ಕೈಕೊಟ್ಟಿತು. ಕುಳ್ಳ ಫೋನೇ ಎತ್ತುವುದಿಲ್ಲ. ಎರಡು ತಿಂಗಳಿಂದ ಸೇತುವೆಯವರೆಗೆ ಒಬ್ಬನೇ ತುಳಿದುಕೊಂಡು ಹೋಗಿ, ಅವರ ಮೂರು ಬುತ್ತಿಯನ್ನು ನಾಯಿಗಳಿಗೆ ಹಾಕಿ ಬರುತ್ತಿದ್ದೆ. ಇವತ್ತು ನೀನು ಸೊಂಟ ಹಿಡಿದುಕೊಂಡು ಒಲೆ ಮುಂದೆ ನಿಂತದ್ದು ನೋಡಿ ಆ ಮೂರನ್ನೂ ಮೇಜಿನ ಮೇಲೇ ಬಿಟ್ಟೆ.

ಬಚ್ಚಲಲ್ಲಿ ತೂಗುಹಾಕಿದ ಹಳೇ ಸೈಕಲ್ಲಿನ ಚಕ್ರ ಮುಟ್ಟಬೇಡ, ಬಣ್ಣ ಇನ್ನೂ ಹಸಿ.

ಒಂಬತ್ತಕ್ಕೆ ಬರುತ್ತೇನೆ. ಆಗ ಈ ಸುದ್ದಿ ಎತ್ತಬೇಡ. ಎದುರುಗಾಳಿ ಇತ್ತಾ ಅಂತ ಕೇಳು, ಸಾಕು.