ಕಿಟಕಿ ಪಕ್ಕದ ಮೇಜು

ಗೊಟ್ಟಿಗೆರೆ, ಸೋಮವಾರ

ಮೇಘಶ್ರೀ ಮೇಡಂ ಅವರಿಗೆ ನಮಸ್ಕಾರ.

ಹೋಟೆಲಿನ ಒಳಾಂಗಣದ ಕೆಲಸ ಸೊಗಸಾಗಿ ಮಾಡಿಸುತ್ತಿದ್ದೀರಿ. ಗೋಡೆಗೆ ಹಾಕಲು ನೀವು ಬರೆದುಕೊಟ್ಟ ಇತಿಹಾಸದ ಫಲಕವನ್ನೂ ಓದಿದೆ. ಬನ್ನೇರುಘಟ್ಟ ರಸ್ತೆಯ ಎತ್ತಿನ ಗಾಡಿಗಳು, ಸೌದೆ ಒಲೆಯ ಇಡ್ಲಿ, ಎಲ್ಲ ಸರಿಯಾಗಿದೆ. ಒಂದು ಸಾಲು ಮಾತ್ರ ಬದಲಾಗಬೇಕು.

ಹಿಂದಿನ ಗೋಡೆಯ ಸಣ್ಣ ಕಿಟಕಿಯನ್ನು ‘ಅಂದಿನ ಪಾರ್ಸೆಲ್ ಕೌಂಟರ್’ ಎಂದು ಬರೆದಿದ್ದೀರಿ. ಅದು ಪಾರ್ಸೆಲ್ಲಿಗೆ ಇಟ್ಟಿದ್ದಲ್ಲ. ನಮ್ಮ ಕೇರಿಯವರನ್ನು ಆಗ ಒಳಗೆ ಬಿಡುತ್ತಿರಲಿಲ್ಲ. ಆ ಕಿಟಕಿಯಿಂದಲೇ ತೆಂಗಿನ ಚಿಪ್ಪಿಗೆ ಕಾಫಿ ಸುರಿಯುತ್ತಿದ್ದರು. ನನ್ನ ತಾಯಿ ಸೊಣ್ಣಮ್ಮ ಹುಡುಗಿಯಾಗಿದ್ದಾಗ ಅಲ್ಲೇ ನಿಂತು ಕುಡಿದವರು. ಹಾಗೆಂದೇ ಬರೆಯಿರಿ. ಹಳೇ ಮಾಲೀಕರ ಹೆಸರೂ ಇರಲಿ, ಅವರ ಇಡ್ಲಿಗೆ ಆ ಗೌರವ ಸಲ್ಲಬೇಕು. ಗಿರಾಕಿಗಳಿಗೆ ಮುಜುಗರ ಆಗುತ್ತದೆಂಬ ಚಿಂತೆ ನಿಮಗೆ ಬೇಡ. ಹೋಟೆಲು ಕೊಂಡವನು ನಾನು, ಆ ಚಿಂತೆಯೂ ನನ್ನದೇ.

ಎ.ಸಿ. ಕೂರಿಸುವುದಕ್ಕೆಂದು ಕಿಟಕಿ ಮುಚ್ಚಿಸಬೇಡಿ. ಅದರ ಮೇಲೆ ಹೂಕುಂಡ, ಬಣ್ಣದ ದೀಪವೂ ಬೇಡ.

ಓಪನಿಂಗ್ ದಿನ ಎಲ್ಲಿ ಕೂರ್ತೀಯಮ್ಮ ಎಂದು ತಾಯಿಯನ್ನು ಕೇಳಿದೆ.

“ಆ ಕಿಟ್ಕಿ ಪಕ್ಕಾನೇ ಹಾಕ್ಸಪ್ಪ. ಒಳಗಡೆಯಿಂದ ಅದು ಹೆಂಗ್ ಕಾಣ್ಸುತ್ತೋ ನೋಡ್ಬೇಕು” ಅಂದರು.

ಹಾಗಾಗಿ ಮೊದಲನೇ ಮೇಜು ಅಲ್ಲಿಗೇ ಬರಲಿ. ಕುರ್ಚಿ ಸ್ವಲ್ಪ ಎತ್ತರದ್ದಿರಲಿ, ಅವರಿಗೆ ಮಂಡಿ ನೋವು.

ಇಂತಿ ವಿಶ್ವಾಸದಿಂದ,
ಕೆಂಪರಾಜು
ಮಾಲೀಕ