ಒಂದು ಬಟನ್, ಹನ್ನೊಂದು ಪರೀಕ್ಷೆ

ಮಾರ್ಚ್ 4, ಬೆಳಿಗ್ಗೆ 7.40

ಫ್ರಿಜ್ ನಾಲ್ಕು ಡಿಗ್ರಿ. ಸರಿ ಇದೆ. ರಕ್ತದ ಟ್ಯೂಬು ಆಗಲೇ ಮೂರು ರ‍್ಯಾಕ್ ತುಂಬಿವೆ. ಆಸ್ಪತ್ರೆಗೆ ಕಂಪ್ಯೂಟರ್ ಬಂದು ಆರು ತಿಂಗಳು. ಖರ್ಚು ಇಳಿಯುತ್ತದೆ ಎಂದೇ ತಂದದ್ದು. ಲ್ಯಾಬಿನಲ್ಲಿ ನಾವಿಬ್ಬರೇ — ನಾನು, ನನ್ನ ಸಹಾಯಕಿ ಗಿಳಿ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಕೆಲಸ ಕಂಡಿಲ್ಲ.

"ಅಕ್ಕಾ, ಊರಿಗೆಲ್ಲ ಒಟ್ಟಿಗೇ ಕಾಯಿಲೆ ಬಂತಾ?" ಎಂದಳು ಗಿಳಿ.

ಮಾರ್ಚ್ 6

ಕಾಲು ಉಳುಕಿದವನಿಗೆ ಲಿವರ್, ಕಿಡ್ನಿ, ಥೈರಾಯ್ಡ್... ಒಟ್ಟು ಹನ್ನೊಂದು ಪರೀಕ್ಷೆ. "ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ" — ಗಿಳಿ.

ಹೊರರೋಗಿ ವಿಭಾಗಕ್ಕೆ ಹೋಗಿ ಡಾಕ್ಟರ ಹಿಂದೆ ನಿಂತು ನೋಡಿದೆ. ಪರದೆಯ ತುದಿಯಲ್ಲೇ ಒಂದು ಬಟನ್: 'ಪೂರ್ತಿ ಸೆಟ್'. ಒತ್ತಿದರೆ ಹನ್ನೊಂದೂ. ಪೆನ್ನಿನ ಕಾಲದಲ್ಲಿ ಇದೇ ಡಾಕ್ಟರು ಎರಡು ಪರೀಕ್ಷೆ ಬರೆಯುವಷ್ಟರಲ್ಲಿ ಕೈ ನೋವೆಂದು ಕೊಡವುತ್ತಿದ್ದರು.

"ಬೇಕಾದ್ದನ್ನ ಹುಡುಕೋಕೆ ಎಂಟು ಸಲ ಒತ್ಬೇಕು. ಇದು ಒಂದೇ ಸಲ. ಹೊರಗೆ ಕ್ಯೂ ನೋಡಿದ್ರಾ?"

ನೋಡಿದೆ. ಬೈಯಲು ಮನಸ್ಸಾಗಲಿಲ್ಲ.

ಮಾರ್ಚ್ 7

ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೆ ಹೇಳಿದೆ.

"ಕಂಪ್ಯೂಟರ್ ದಂಡ ಅಂತೀರಾ?"

"ಕಂಪ್ಯೂಟರ್ ಅಲ್ಲ ಸಾರ್. ಆ ಬಟನ್."

ಒಂದು ತಿಂಗಳು ತೆಗೆಸಲು ಒಪ್ಪಿದರು; ಲೆಕ್ಕ ನಾನಿಡಬೇಕು. ರೋಗಿಯ ಹಳೆಯ ರಿಪೋರ್ಟು ಮೊದಲು ಪರದೆಗೆ ಬರುವಂತೆಯೂ ಮಾಡಿಸುತ್ತಾರಂತೆ. ಬಾಗಿಲ ತನಕ ಬಂದಿದ್ದೆ, ಹಿಂದಿನಿಂದ ಕೇಳಿದರು: "ಅಲ್ಲಾ, ಪರೀಕ್ಷೆ ಕಮ್ಮಿ ಆದ್ರೆ ಲ್ಯಾಬಿಗೆ ಇಬ್ರು ಯಾಕೆ?"

ಗಿಳಿಯ ಗುತ್ತಿಗೆ ಏಪ್ರಿಲ್ ಕೊನೆಗೆ ಮುಗಿಯುತ್ತದೆ.

ಸಂಜೆ 5

ಮುಚ್ಚಿಡಲಿಲ್ಲ, ಹೇಳಿದೆ. ಗಿಳಿ ಗ್ಲೌಸ್ ಕಳಚಿ ಬುಟ್ಟಿಗೆ ಹಾಕಿದಳು. ಆಮೇಲೆ ಕಡ್ಡಿ ಮುರಿದಂತೆ: "ನೀವು ಎಣಿಸಿ ಅಕ್ಕಾ. ನನ್ ಕೆಲ್ಸ ಉಳೀಲಿ ಅಂತ ಕಾಲು ಉಳುಕಿದೋರ ತೋಳಿಗೆ ಸೂಜಿ ಚುಚ್ಚಲಾ?"

ಹೊಸ ಪುಸ್ತಕ ತೆಗೆದು ಮೊದಲ ಸಾಲಿಗೆ ತಾರೀಖು ಹಾಕಿದೆ.

ಏಪ್ರಿಲ್ 9

ತಿಂಗಳ ಲೆಕ್ಕ ಮುಗಿಯಿತು. ಹಿಂದಿನ ತಿಂಗಳು 4,120 ಪರೀಕ್ಷೆ. ಈ ತಿಂಗಳು 2,310. ಇನ್ನೊಂದು ಸಂಗತಿ ಗಿಳಿಯೇ ಹುಡುಕಿದ್ದು: ಮರುದಿನ ಸಿಗುತ್ತಿದ್ದ ರಿಪೋರ್ಟು ಈಗ ಅದೇ ದಿನ ಮಧ್ಯಾಹ್ನ ಒಂದಕ್ಕೇ ಸಿದ್ಧ. ವಾರ್ಡಿನ 63 ಜನ ಒಂದು ದಿನ ಮೊದಲೇ ಮನೆಗೆ ಹೋಗಿದ್ದಾರೆ. ಟ್ಯೂಬಿಗಿಂತ ಇದು ದೊಡ್ಡ ಉಳಿತಾಯ.

ಗಿಳಿಗೆ ಜ್ವರ ಬಂದು ನಾನೊಬ್ಬಳೇ ಇದ್ದ ಎರಡು ದಿನ ಹಾಗೆ ಬೇಗ ಮನೆಗೆ ಹೋದವರು — ಸೊನ್ನೆ. ಅದನ್ನೂ ಬರೆದೆ. ಕೂಡಿಸಿಲ್ಲ, ಕಳೆದಿಲ್ಲ.

ಏಪ್ರಿಲ್ 11

ದೊಡ್ಡ ಡಾಕ್ಟರು ಎರಡು ಸಲ ಓದಿದರು.

"ಆ ಎರಡು ದಿನದ ವಿಷ್ಯ ಯಾಕೆ ಸೇರಿಸಿದ್ರಿ?"

"ಇಬ್ರು ಯಾಕೆ ಅಂತ ನೀವೇ ಕೇಳಿದ್ರಲ್ಲ ಸಾರ್."

"ನೀವು ವಕೀಲರಾಗ್ಬೇಕಿತ್ತು ಕಣ್ರೀ." ನಗುತ್ತಲೇ ಸಹಿ ಹಾಕಿದರು. ಗಿಳಿಗೆ ಇನ್ನೂ ಎರಡು ವರ್ಷ!

ಏಪ್ರಿಲ್ 14

ಆಡಳಿತ ಮಂಡಳಿಯ ಸಭೆ. ಅಧ್ಯಕ್ಷರು ನೇರವಾಗಿ ಕೇಳಿದರು: "ಕಂಪ್ಯೂಟರ್‌ನಿಂದ ಖರ್ಚು ಇಳೀತಾ, ಇಲ್ವಾ?"

"ಆರು ತಿಂಗಳು ಏರಿಸ್ತು ಸಾರ್. ಒಂದು ತಿಂಗಳು ಇಳಿಸ್ತು. ಯಂತ್ರ ಅದೇ."

"ಅದು ಹೇಗೆ?"

ಹೇಳಬಹುದಿತ್ತು. ಹಿಂದಿನ ಸಾಲಿನತ್ತ ಕೈ ತೋರಿಸಿದೆ. ಗಿಳಿ ಎದ್ದಳು. ಚೀಟಿ ಇಲ್ಲ, ತಡವರಿಕೆ ಇಲ್ಲ. ಒಂದೊಂದೇ ಅಂಕಿ, ಒಂದೊಂದೇ ಕಾರಣ... ಅಧ್ಯಕ್ಷರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಪಕ್ಕದವರು ಪಿಸುಗುಟ್ಟಿದರು, "ಯಾರ್ರೀ ಈ ಹುಡುಗಿ?"

"ನಮ್ಮ ಲ್ಯಾಬಿನವಳು" ಎಂದೆ, ಸ್ವಲ್ಪ ಜೋರಾಗಿಯೇ.